ಮನೆಯ ದೀಪ, ಫ್ಯಾನುಗಳಿಗೆ ಮೈಕ್ರೊಕಂಟ್ರೋಲರ್: ಓದುಗರ ಪ್ರಶ್ನೆಗಳಿಗೆ ಉತ್ತರ

ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳಿಂದ ಈ ಬಾರಿ ಬಂದಿರುವ ಹಲವು ಪತ್ರಗಳು ಒಂದೇ ವಿಷಯವನ್ನು ಕುರಿತಿರುವುದರಿಂದ ಅವುಗಳನ್ನು ಒಟ್ಟಿಗೆ ಇಟ್ಟು ಉತ್ತರಿಸಲಾಗಿದೆ. ಆರ್ಡುಯಿನೊ, ಇಎಸ್‌ಪಿ32 ಮುಂತಾದ ಹವ್ಯಾಸಿ ಮೈಕ್ರೊಕಂಟ್ರೋಲರ್ (ಪ್ರೋಗ್ರಾಂ ತುಂಬಿ ನಡೆಸುವ ಪುಟ್ಟ ಕಂಪ್ಯೂಟರ್ ಚಿಪ್) ಬೋರ್ಡುಗಳಿಂದ 230 ವೋಲ್ಟಿನ ದೀಪ, ಫ್ಯಾನುಗಳನ್ನು ನಡೆಸುವುದು ಹೇಗೆ ಎಂಬುದೇ ಆ ವಿಷಯ. ಪತ್ರ ಬರೆದವರಲ್ಲಿ ಹೆಚ್ಚಿನವರು ಪ್ರೋಗ್ರಾಮಿನ ಬಗ್ಗೆ ಕೇಳಿದ್ದಾರೆ. ಉತ್ತರಗಳಲ್ಲಿ ಪ್ರೋಗ್ರಾಮಿನ ಮಾತು ಕಡಿಮೆಯೂ ತಂತಿಗಳ ಮಾತು ಹೆಚ್ಚೂ ಇರುವುದನ್ನು ಅವರು ಮನ್ನಿಸಬೇಕು. ಪ್ರೋಗ್ರಾಂ ತಪ್ಪಿದರೆ ತಿದ್ದಿ ಮತ್ತೊಮ್ಮೆ ತುಂಬಬಹುದು.

ಪ್ರಶ್ನೆ: ನನ್ನಲ್ಲಿ ಆರ್ಡುಯಿನೊ ಊನೊ ಇದೆ. ಅದರ ಪಿನ್ನಿನಿಂದ ನೇರವಾಗಿ ರಿಲೇಗೆ ತಂತಿ ಎಳೆದು ಬಲ್ಬ್ ಉರಿಸಬಹುದೇ? ರಿಲೇಯ ಮೇಲೆ 10 ಆಂಪಿಯರ್ ಎಂದು ಬರೆದಿದೆ. ಹಾಗಾದರೆ ಮನೆಯ ಯಾವ ಉಪಕರಣವನ್ನಾದರೂ ಅದಕ್ಕೆ ಜೋಡಿಸಬಹುದಲ್ಲವೇ?
— ಡಿಪ್ಲೊಮಾ ವಿದ್ಯಾರ್ಥಿ, ಹಾಸನ

ಉತ್ತರ: ರಿಲೇ ಎಂದರೆ ಅದರ ಸುರುಳಿಗೆ ಕರೆಂಟು ಕೊಟ್ಟಾಗ ಸಂಪರ್ಕ ಬದಲಿಸುವ ಸ್ವಿಚ್ಚು. ಪುಟ್ಟ ಬೋರ್ಡಿನ ಮೇಲೆ ಕೂತ ರಿಲೇ ಮಾಡ್ಯೂಲ್ ಆದರೆ ಎಳೆಯಬಹುದು, ಬಿಡಿ ರಿಲೇ ಆದರೆ ಕೂಡದು. ಊನೊದ ಒಂದು ಪಿನ್ನು ಆಯಾಸವಿಲ್ಲದೆ ಕೊಡಬಲ್ಲದ್ದು ಸುಮಾರು 20 ಮಿಲಿಆಂಪಿಯರ್. 40 ಎಂಬುದು ಮುಟ್ಟಲೇಬಾರದ ಗಡಿ. ಅಂಗಡಿಗಳಲ್ಲಿ ಸಿಗುವ ನೀಲಿ ಡಬ್ಬಿಯ 5 ವೋಲ್ಟ್ ರಿಲೇಯ ಸುರುಳಿಗೆ 70 ಮಿಲಿಆಂಪಿಯರಿನಷ್ಟು ಬೇಕು. ಅಲ್ಲದೆ ಸುರುಳಿಯ ಕರೆಂಟನ್ನು ಕಡಿದ ಕ್ಷಣದಲ್ಲಿ ಅದರಿಂದ ಹಿಮ್ಮುಖವಾಗಿ ಚಿಮ್ಮುವ ವೋಲ್ಟೇಜು ಪಿನ್ನನ್ನು ಸುಟ್ಟುಹಾಕಬಲ್ಲದು. ಆದ್ದರಿಂದಲೇ ಮಾಡ್ಯೂಲಿನಲ್ಲಿ ಸುರುಳಿಯನ್ನು ನಡೆಸಲು ಒಂದು ಟ್ರಾನ್ಸಿಸ್ಟರನ್ನೂ ಆ ಚಿಮ್ಮುವಿಕೆಯನ್ನು ಹೀರಲು ಒಂದು ಡಯೋಡನ್ನೂ ಇಟ್ಟಿರುತ್ತಾರೆ. ಹಲವು ಮಾಡ್ಯೂಲುಗಳಲ್ಲಿ ಇವುಗಳ ಜೊತೆಗೆ ಆಪ್ಟೊಕಪ್ಲರ್ (ತಂತಿಯ ನಂಟಿಲ್ಲದೆ ಬೆಳಕಿನ ಮೂಲಕ ಸಂಕೇತ ದಾಟಿಸುವ ಬಿಡಿಭಾಗ) ಕೂಡ ಇರುತ್ತದೆ.

ಆಪ್ಟೊಕಪ್ಲರ್ ಇದ್ದರೆ ಸಾಕು, ಶಾಕ್ ಹೊಡೆಯುವುದಿಲ್ಲ ಎಂಬ ನಂಬಿಕೆ ವಿದ್ಯಾರ್ಥಿಗಳಲ್ಲಿ ಬಲವಾಗಿದೆ. ಇಲ್ಲಿ ಅದರ ಪಾತ್ರ ಅಷ್ಟು ದೊಡ್ಡದಲ್ಲ. ಮಾಡ್ಯೂಲಿನ ಪುಟ್ಟ ಜಂಪರನ್ನು (ಎರಡು ಪಿನ್ನುಗಳನ್ನು ಕೂಡಿಸುವ ಕ್ಯಾಪ್) ತೆಗೆದು ರಿಲೇಯ ಬದಿಗೆ ಬೇರೆಯೇ 5 ವೋಲ್ಟ್ ಕೊಡದಿದ್ದರೆ ಆಪ್ಟೊಕಪ್ಲರಿನ ಎರಡೂ ಬದಿಗಳು ಒಂದೇ ಸಪ್ಲೈನಿಂದ ನಡೆಯುತ್ತವೆ, ಅಂದರೆ ಅದು ಇದ್ದೂ ಇಲ್ಲದಂತೆ. 230 ವೋಲ್ಟನ್ನು ನಿಮ್ಮಿಂದ ದೂರ ಇಡುತ್ತಿರುವುದು ರಿಲೇಯೊಳಗೆ ಸುರುಳಿಗೂ ಸಂಪರ್ಕಗಳಿಗೂ ನಡುವೆ ಇರುವ ಅಂತರ. ಆ ಅಂತರ ಬೋರ್ಡಿನ ಅಡಿಯಲ್ಲಿಯೂ ಉಳಿದಿದೆಯೇ ಎಂಬುದನ್ನು ಮಾಡ್ಯೂಲನ್ನು ತಿರುಗಿಸಿ ನೋಡಬೇಕು. ಈ ನೀಲಿ ರಿಲೇಯಲ್ಲಿ ಕಾಮನ್ ಪಿನ್ನು ಸುರುಳಿಯ ಎರಡು ಪಿನ್ನುಗಳ ನಡುವೆಯೇ ಬರುವುದರಿಂದ ಫೇಸ್ ತಂತಿ ಸೇರುವ ತಾಮ್ರಕ್ಕೂ 5 ವೋಲ್ಟಿನ ತಾಮ್ರಕ್ಕೂ ಅಲ್ಲಿ ಬಹಳ ಸಮೀಪವಾಗುತ್ತದೆ. ಒಳ್ಳೆಯ ತಯಾರಕರು ಅಲ್ಲಿ ಬೋರ್ಡನ್ನೇ ಸೀಳಿ ಒಂದು ಕಿಂಡಿ ಬಿಟ್ಟಿರುತ್ತಾರೆ. ಕಿಂಡಿಯೂ ಇಲ್ಲದೆ, ಎರಡು ತಾಮ್ರದ ಗೆರೆಗಳು ಒಂದೆರಡು ಮಿಲಿಮೀಟರ್ ದೂರದಲ್ಲಿ ಓಡುತ್ತಿದ್ದರೆ ಆ ಮಾಡ್ಯೂಲನ್ನು 12 ವೋಲ್ಟಿನ ಪ್ರಯೋಗಗಳಿಗೆ ಇಟ್ಟುಕೊಳ್ಳಿ. ನೀವೇ ಬೋರ್ಡ್ ಮಾಡುವುದಾದರೆ ಎರಡು ಭಾಗಗಳ ನಡುವೆ ಕನಿಷ್ಠ 6 ಮಿಲಿಮೀಟರ್, ಸಾಧ್ಯವಾದರೆ 8 ಮಿಲಿಮೀಟರ್ ಖಾಲಿ ಬಿಡಿ.

ಇನ್ನು 10 ಆಂಪಿಯರಿನ ಮಾತು. ಅದು ಬಿಸಿ ತಂತಿಯಂಥ ಸರಳ ಹೊರೆಗೆ ಹೇಳಿದ ಅಂಕಿ. ಸಾಮಾನ್ಯ ಸೀಲಿಂಗ್ ಫ್ಯಾನು 75 ವ್ಯಾಟಿನದಾದರೆ ಆಂಪಿಯರಿನ ಮೂರನೇ ಒಂದು ಭಾಗವನ್ನಷ್ಟೇ ಎಳೆಯುತ್ತದೆ. ಆದರೂ ಮೋಟಾರಿನ ಕರೆಂಟು ಕಡಿಯುವಾಗ ಸಂಪರ್ಕದ ನಡುವೆ ಕಿಡಿ ಏಳುತ್ತದೆ. ಎಲ್‌ಇಡಿ ಬಲ್ಬಿನ ವ್ಯಾಟ್ ಕಡಿಮೆ, ಆದರೆ ಹೊತ್ತಿಕೊಳ್ಳುವ ಕ್ಷಣದಲ್ಲಿ ಅದರೊಳಗಿನ ಕೆಪಾಸಿಟರ್ ತುಂಬಲು ಬಹುದೊಡ್ಡ ಕರೆಂಟು ಒಮ್ಮೆಗೇ ನುಗ್ಗುತ್ತದೆ. ದೀಪಕ್ಕೂ ಫ್ಯಾನಿಗೂ ಈ ರಿಲೇ ಸಾಕು. ಗೀಸರಿಗೆ, ಪಂಪ್‌ಸೆಟ್ಟಿಗೆ, ಇಸ್ತ್ರಿಪೆಟ್ಟಿಗೆಗೆ ಖಂಡಿತ ಬೇಡ. 2,000 ವ್ಯಾಟಿನ ಗೀಸರ್ ಹೆಚ್ಚು ಕಡಿಮೆ 9 ಆಂಪಿಯರ್ ಎಳೆಯುತ್ತದೆ, ಅಷ್ಟನ್ನು ಗಂಟೆಗಟ್ಟಲೆ ಹೊರಲು ಮಾಡ್ಯೂಲಿನ ತಾಮ್ರದ ಗೆರೆಗಳಿಗೇ ಶಕ್ತಿ ಇರುವುದಿಲ್ಲ. ರಿಲೇಯ ಮೂಲಕ ಹಾಯಬೇಕಾದದ್ದು ಫೇಸ್ ತಂತಿಯೇ ಹೊರತು ನ್ಯೂಟ್ರಲ್ ಅಲ್ಲ. ನ್ಯೂಟ್ರಲನ್ನು ಕಡಿದರೂ ಬಲ್ಬ್ ಆರುತ್ತದೆ, ಆದರೆ ಹೋಲ್ಡರಿನಲ್ಲಿ ಫೇಸ್ ಹಾಗೆಯೇ ಉಳಿದಿರುತ್ತದೆ.

ಪ್ರಶ್ನೆ: ನಮ್ಮ ಹುಡುಗ ಮನೆಯ ದೀಪಗಳನ್ನೆಲ್ಲ ಮೊಬೈಲಿನಿಂದ ಹಾಕುವಂತೆ ಮಾಡಿದ್ದಾನೆ. ಗೋಡೆಯ ಸ್ವಿಚ್ಚನ್ನು ಯಾರಾದರೂ ಆರಿಸಿದರೆ ಮೊಬೈಲ್ ಕೆಲಸ ಮಾಡುವುದಿಲ್ಲ. ಮೊಬೈಲಿನಿಂದ ಆರಿಸಿದ್ದರೆ ಸ್ವಿಚ್ ಒತ್ತಿದರೂ ದೀಪ ಹತ್ತುವುದಿಲ್ಲ. ನಮ್ಮ ಅತ್ತೆಯವರು ರಾತ್ರಿ ಎದ್ದಾಗ ಕತ್ತಲೆಯಲ್ಲಿ ತಡಕಾಡುವಂತಾಗಿದೆ. ಇದಕ್ಕೆ ಪರಿಹಾರವಿದೆಯೇ?
— ಶಿಕ್ಷಕಿ, ಚಿಕ್ಕಮಗಳೂರು

ಉತ್ತರ: ಇದೆ, ಮತ್ತು ಅದು ನಿಮ್ಮ ಮನೆಯ ಮೆಟ್ಟಿಲಿನ ಬಳಿ ಈಗಾಗಲೇ ಇದ್ದರೂ ಇರಬಹುದು. ನಿಮ್ಮ ಮಗ ರಿಲೇಯನ್ನು ಹಳೆಯ ಸ್ವಿಚ್ಚಿನ ಜೊತೆ ಸಾಲಾಗಿ ಜೋಡಿಸಿದ್ದಾನೆ. ಆದ್ದರಿಂದ ಎರಡೂ ಒಪ್ಪಿದಾಗ ಮಾತ್ರ ದೀಪ ಉರಿಯುತ್ತದೆ. ಕೆಳಗೂ ಮೇಲೂ ಎರಡು ಸ್ವಿಚ್ಚುಗಳಿಂದ ಒಂದೇ ದೀಪ ಹಾಕುವ ಮೆಟ್ಟಿಲಿನ ವೈರಿಂಗಿನಲ್ಲಿ ಟೂ-ವೇ ಸ್ವಿಚ್ ಬಳಸುತ್ತಾರಲ್ಲವೇ, ರಿಲೇಯೂ ಅಂಥದೇ ಮೂರು ಟರ್ಮಿನಲಿನ ಸ್ವಿಚ್ಚು. ಗೋಡೆಯ ಸಾಮಾನ್ಯ ಸ್ವಿಚ್ಚನ್ನು ತೆಗೆದು ಅಲ್ಲಿ ಟೂ-ವೇ ಸ್ವಿಚ್ ಹಾಕಿಸಿ. ಫೇಸ್ ತಂತಿ ರಿಲೇಯ ಕಾಮನ್ ಟರ್ಮಿನಲಿಗೆ ಬರಲಿ. ರಿಲೇಯ ಉಳಿದ ಎರಡು ಟರ್ಮಿನಲುಗಳಿಂದ ಎರಡು ತಂತಿಗಳು ಟೂ-ವೇ ಸ್ವಿಚ್ಚಿನ ಮೇಲಿನ ಮತ್ತು ಕೆಳಗಿನ ಟರ್ಮಿನಲುಗಳಿಗೆ ಹೋಗಲಿ. ಸ್ವಿಚ್ಚಿನ ನಡುವಿನ ಟರ್ಮಿನಲಿನಿಂದ ತಂತಿ ದೀಪಕ್ಕೆ ಹೋಗಲಿ. ಈಗ ಮೊಬೈಲು ಯಾವ ಸ್ಥಿತಿಯಲ್ಲಿದ್ದರೂ ಸ್ವಿಚ್ ಒತ್ತಿದೊಡನೆ ದೀಪ ಬದಲಾಗುತ್ತದೆ, ಸ್ವಿಚ್ಚು ಹೇಗಿದ್ದರೂ ಮೊಬೈಲಿನಿಂದ ಬದಲಾಗುತ್ತದೆ. ಮೈಕ್ರೊಕಂಟ್ರೋಲರ್ ಕೆಟ್ಟುಹೋದರೂ, ವೈಫೈ ಬಿದ್ದುಹೋದರೂ ಗೋಡೆಯ ಸ್ವಿಚ್ಚು ಎಂದಿನಂತೆ ಕೆಲಸ ಮಾಡುತ್ತದೆ. ಈ ಅಂಕಣದ ಮಟ್ಟಿಗೆ ಇದೊಂದು ನಿಬಂಧನೆಯೇ ಸರಿ: ಹವ್ಯಾಸಿ ಸಾಧನ ಸತ್ತ ದಿನ ಮನೆಯ ಹಿರಿಯರಿಗೂ ಮಕ್ಕಳಿಗೂ ಅದು ಸತ್ತಿದೆಯೆಂದು ತಿಳಿಯಲೇಬಾರದು.

ಈ ಜೋಡಣೆಯಲ್ಲಿ ಎರಡು ತೊಡಕುಗಳಿವೆ. ರಿಲೇ ಎಳೆದುಕೊಂಡಿದೆ ಎಂದಮಾತ್ರಕ್ಕೆ ದೀಪ ಉರಿಯುತ್ತಿದೆ ಎಂದು ಮೊಬೈಲಿನ ಪರದೆ ಹೇಳಲಾರದು, ಏಕೆಂದರೆ ಸ್ವಿಚ್ಚು ಯಾವ ಕಡೆಗಿದೆ ಎಂಬುದು ಅದಕ್ಕೆ ಗೊತ್ತಿಲ್ಲ. ದೀಪದ ತಂತಿಯಲ್ಲಿ ವೋಲ್ಟೇಜ್ ಇದೆಯೇ ಎಂದು ಒಂದು ಆಪ್ಟೊಕಪ್ಲರಿನ ಮೂಲಕ ನೋಡಿ ತಿಳಿಸುವ ಪುಟ್ಟ ಮಾಡ್ಯೂಲುಗಳು ಸಿಗುತ್ತವೆ. ಇಲ್ಲಿ ಮಾತ್ರ ಆಪ್ಟೊಕಪ್ಲರಿನ ಕೆಲಸ ನಿಜಕ್ಕೂ ದೊಡ್ಡದು. ಎರಡನೆಯದು, ದೀಪ ಆರಿರುವಾಗಲೂ ನಡುವಿನ ಎರಡು ತಂತಿಗಳಲ್ಲಿ ಒಂದರಲ್ಲಿ ಫೇಸ್ ಇದ್ದೇ ಇರುತ್ತದೆ. ಆದ್ದರಿಂದ ಸ್ವಿಚ್ ಬೋರ್ಡ್ ಬಿಚ್ಚುವ ಮುನ್ನ ಎಂಸಿಬಿ (ಆ ಸಾಲಿನ ಸುರಕ್ಷತಾ ಸ್ವಿಚ್) ಆರಿಸಬೇಕು. ಸ್ವಿಚ್ ಆರಿಸಿದ್ದೇನೆ ಎಂಬ ಧೈರ್ಯ ಇಲ್ಲಿ ನಡೆಯುವುದಿಲ್ಲ.

ಗೋಡೆಯ ಸ್ವಿಚ್ಚಿನಿಂದ 230 ವೋಲ್ಟನ್ನು ಪೂರ್ತಿ ತೆಗೆದು, ಅದನ್ನು ಮೈಕ್ರೊಕಂಟ್ರೋಲರಿನ ಇನ್‌ಪುಟ್ ಪಿನ್ನಿಗೆ ಜೋಡಿಸುವ ಮತ್ತೊಂದು ಕ್ರಮವಿದೆ. ನೋಡಲು ಅಚ್ಚುಕಟ್ಟು. ಆದರೆ ಬೋರ್ಡ್ ನಿಂತರೆ ಮನೆಯೆಲ್ಲ ಕತ್ತಲೆ, ಆದ್ದರಿಂದ ನಾನು ಅದನ್ನು ಶಿಫಾರಸು ಮಾಡುವುದಿಲ್ಲ.

ಪ್ರಶ್ನೆ: ನಮ್ಮದು ಹಳೆಯ ಮನೆ. ಸ್ವಿಚ್ ಬೋರ್ಡಿನಲ್ಲಿ ನ್ಯೂಟ್ರಲ್ ತಂತಿಯೇ ಇಲ್ಲ, ಅರ್ತ್ ಇದೆ. ಇಎಸ್‌ಪಿ32 ನಡೆಸಲು ಫೇಸ್ ಮತ್ತು ಅರ್ತ್ ನಡುವಿನಿಂದ ಸಪ್ಲೈ ತೆಗೆದುಕೊಳ್ಳಬಹುದೇ?
— ಕೊಪ್ಪದ ಓದುಗರು

ಉತ್ತರ: ಕೂಡದು. ಅರ್ತ್ ತಂತಿ ಎಲ್ಲಿಯಾದರೂ ಕಡಿದುಹೋದರೆ ಅಥವಾ ನೆಲದಲ್ಲಿ ಅರ್ತಿಂಗ್ ಸೊರಗಿದ್ದರೆ ನಿಮ್ಮ ಸಪ್ಲೈನ ಮೂಲಕ ಬಂದ ವೋಲ್ಟೇಜು ಫ್ರಿಜ್ಜಿನ, ಗ್ರೈಂಡರಿನ ಲೋಹದ ಮೈಗೆ ಏರುತ್ತದೆ. ಮನೆಯಲ್ಲಿ ಆರ್‌ಸಿಸಿಬಿ (ಕರೆಂಟು ನೆಲಕ್ಕೆ ಸೋರಿದರೆ ಸಪ್ಲೈ ಕಡಿಯುವ ಸ್ವಿಚ್) ಇದ್ದರೆ ಅದು ಟ್ರಿಪ್ ಆಗುತ್ತಲೇ ಇರಬಹುದು. ಹಳೆಯ ಕಾಲದಲ್ಲಿ ನ್ಯೂಟ್ರಲನ್ನು ನೇರವಾಗಿ ಅಟ್ಟದ ಮೇಲಿನಿಂದ ದೀಪದ ಹೋಲ್ಡರಿಗೆ ಕೊಂಡೊಯ್ದು, ಬೋರ್ಡಿಗೆ ಫೇಸನ್ನಷ್ಟೇ ಇಳಿಸುತ್ತಿದ್ದರು. ಪ್ಲಗ್ ಪಾಯಿಂಟ್ ಇರುವ ಬೋರ್ಡಿನಲ್ಲಿ ನ್ಯೂಟ್ರಲ್ ಇದ್ದೇ ಇರುತ್ತದೆ. ಅದೂ ಅದೇ ಸರ್ಕ್ಯೂಟಿನದಾಗಿದ್ದರೆ ಅಲ್ಲಿಂದ ಎಳೆಸಿ, ಇಲ್ಲವಾದರೆ ರಿಲೇಯನ್ನು ಬೋರ್ಡಿನಲ್ಲಿ ಇಡದೆ ದೀಪದ ಬಳಿಯೇ ಮುಚ್ಚಿದ ಪೆಟ್ಟಿಗೆಯಲ್ಲಿ ಇಡಿಸಿ. ತಂತಿಯ ಬಣ್ಣ ಕಪ್ಪಗಿದೆ ಎಂದು ಅದನ್ನು ನ್ಯೂಟ್ರಲ್ ಎಂದು ನಂಬಬೇಡಿ. ಹಲವು ಬಾರಿ ರಿಪೇರಿಯಾದ ಮನೆಗಳಲ್ಲಿ ಕೈಗೆ ಸಿಕ್ಕ ಬಣ್ಣವನ್ನು ಎಳೆದಿರುತ್ತಾರೆ. ಟೆಸ್ಟರ್ ಸುಮ್ಮನೆ ಮಿನುಗುವುದೂ ಉಂಟು, ಮಲ್ಟಿಮೀಟರಿನಿಂದ ನೋಡಿದರೆ ಸಂಶಯ ಉಳಿಯುವುದಿಲ್ಲ.

ಪ್ರಶ್ನೆ: ಟ್ರಯಾಕ್ ಬಳಸಿ ಫ್ಯಾನಿನ ವೇಗವನ್ನು ಆರ್ಡುಯಿನೊದಿಂದ ನಿಯಂತ್ರಿಸಲು ಯತ್ನಿಸಿದೆ. ಹಳೆಯ ಫಿಲಮೆಂಟ್ ಬಲ್ಬು ಒಮ್ಮೆ ಮಿಣುಕುತ್ತದೆ, ಒಮ್ಮೆ ಪೂರ್ತಿ ಉರಿಯುತ್ತದೆ. ಫ್ಯಾನಂತೂ ಗುಂಯ್ ಎನ್ನುತ್ತದೆ. ಪಿನ್ನಿನಲ್ಲಿ ಪಿಡಬ್ಲ್ಯುಎಂ ಸರಿಯಾಗಿಯೇ ಬರುತ್ತಿದೆ. ತಪ್ಪು ಎಲ್ಲಿದೆ?
— ಕಾಫಿ ಬೆಳೆಗಾರರು, ಸಕಲೇಶಪುರ

ಉತ್ತರ: ತಪ್ಪು ಪಿಡಬ್ಲ್ಯುಎಂನಲ್ಲೇ, ಅಂದರೆ ಪಿನ್ನನ್ನು ವೇಗವಾಗಿ ಏರಿಳಿಸುವ ಕ್ರಮದಲ್ಲೇ ಇದೆ. ಟ್ರಯಾಕ್ ಎಂಬುದು ಎಸಿ ಕರೆಂಟಿನ ಎಲೆಕ್ಟ್ರಾನಿಕ್ ಸ್ವಿಚ್ಚು; ಅದನ್ನು ಒಮ್ಮೆ ಕೆರಳಿಸಿದರೆ ಅದರೊಳಗೆ ಹರಿಯುವ ಕರೆಂಟು ಸೊನ್ನೆಗೆ ಇಳಿಯುವವರೆಗೂ ಅದು ಆರುವುದಿಲ್ಲ. ನಡುವೆ ಪಿನ್ನನ್ನು ಎಷ್ಟು ಸಲ ಏರಿಳಿಸಿದರೂ ಅದಕ್ಕೆ ಲೆಕ್ಕವಿಲ್ಲ. ನಮ್ಮ ಕರೆಂಟು ಸೆಕೆಂಡಿಗೆ 50 ಆವರ್ತದ್ದಾದ್ದರಿಂದ ಸೊನ್ನೆಯನ್ನು ಸೆಕೆಂಡಿಗೆ 100 ಬಾರಿ, ಅಂದರೆ 10 ಮಿಲಿಸೆಕೆಂಡಿಗೊಮ್ಮೆ ದಾಟುತ್ತದೆ. ಊನೊದ ಹೆಚ್ಚಿನ ಪಿನ್ನುಗಳ ಪಿಡಬ್ಲ್ಯುಎಂ ಸೆಕೆಂಡಿಗೆ ಸುಮಾರು 490 ಬಾರಿ ಏರಿಳಿಯುತ್ತದೆ. ಇವೆರಡಕ್ಕೂ ತಾಳಮೇಳವೇ ಇಲ್ಲದಿರುವುದರಿಂದ ಬಲ್ಬು ಮನಸ್ಸಿಗೆ ಬಂದಂತೆ ಮಿಣುಕುತ್ತದೆ. ಸರಿಯಾದ ಕ್ರಮವೆಂದರೆ ವೋಲ್ಟೇಜು ಸೊನ್ನೆಯನ್ನು ದಾಟಿದ ಕ್ಷಣವನ್ನು ಆಪ್ಟೊಕಪ್ಲರಿನ ಮೂಲಕ ಇಂಟರಪ್ಟ್ ಪಿನ್ನಿಗೆ (ಸಂಕೇತ ಬಂದೊಡನೆ ಪ್ರೋಗ್ರಾಮನ್ನು ಎಚ್ಚರಿಸುವ ಪಿನ್ನು) ತಿಳಿಸಿ, ಅಲ್ಲಿಂದ ಎಣಿಸಿ ನಿಗದಿಯಾದಷ್ಟು ಮಿಲಿಸೆಕೆಂಡ್ ತಡೆದು, ಆಮೇಲೆ ಟ್ರಯಾಕನ್ನು ಚಿಟಿಕೆ ಹೊತ್ತು ಕೆರಳಿಸುವುದು. 2 ಮಿಲಿಸೆಕೆಂಡ್ ತಡೆದರೆ ಬಲ್ಬು ಹೆಚ್ಚು ಕಡಿಮೆ ಪೂರ್ತಿ ಉರಿಯುತ್ತದೆ, 8 ತಡೆದರೆ ಕೆಂಪಗೆ ಕಾಣುತ್ತದೆ. ಟ್ರಯಾಕನ್ನು ಕೆರಳಿಸುವ ಆಪ್ಟೊಕಪ್ಲರನ್ನು ಆರಿಸುವಾಗಲೂ ಎಚ್ಚರ ಬೇಕು. ಎಂಒಸಿ3021 ಹೇಳಿದ ಕ್ಷಣದಲ್ಲಿ ಕೆಲಸ ಮಾಡುತ್ತದೆ. ಎಂಒಸಿ3041 ಸೊನ್ನೆಯ ಬಳಿಯಲ್ಲಿ ಮಾತ್ರ ಕೆಲಸ ಮಾಡುವಂತೆ ರಚಿತವಾದದ್ದು, ಅದರಿಂದ ದೀಪವನ್ನು ಹಾಕಿ ಆರಿಸಬಹುದೇ ಹೊರತು ಮಂದಗೊಳಿಸಲಾಗದು. ಅಂಗಡಿಯಲ್ಲಿ ಒಂದನ್ನು ಕೇಳಿದರೆ ಇನ್ನೊಂದನ್ನು ಕೊಟ್ಟು, ಎರಡೂ ಒಂದೇ ಎನ್ನುವುದುಂಟು.

ಇಷ್ಟೆಲ್ಲ ಸರಿಪಡಿಸಿದ ಮೇಲೂ ಫ್ಯಾನು ಗುಂಯ್ ಎನ್ನುವುದು ಪೂರ್ತಿ ನಿಲ್ಲದು. ಅರ್ಧ ಅಲೆಯ ನಡುವಿನಿಂದ ಕತ್ತರಿಸಿ ಕೊಟ್ಟ ಕರೆಂಟಿನಲ್ಲಿ ಮೂಲ ಆವರ್ತದ ಹಲವು ಮಡಿಯ ಕಂಪನಗಳು ಬೆರೆತಿರುತ್ತವೆ, ಅವು ಮೋಟಾರಿನ ಸುರುಳಿಯನ್ನು ನಡುಗಿಸುತ್ತವೆ. ಈಗಿನ ಮಾಡ್ಯುಲರ್ ಸ್ವಿಚ್ ಬೋರ್ಡುಗಳಲ್ಲಿ ಬರುವ ನಾಲ್ಕು ಮೆಟ್ಟಿಲಿನ ರೆಗ್ಯುಲೇಟರುಗಳು ಸದ್ದು ಮಾಡದಿರುವುದಕ್ಕೆ ಕಾರಣ ಅವುಗಳಲ್ಲಿ ಟ್ರಯಾಕ್ ಇಲ್ಲದಿರುವುದು. ಫ್ಯಾನಿನ ಸಾಲಿನಲ್ಲಿ ಕೆಪಾಸಿಟರುಗಳನ್ನು ಇಟ್ಟು ಅವು ವೋಲ್ಟೇಜನ್ನು ತಗ್ಗಿಸುತ್ತವೆ. ನೀವೂ ಅದನ್ನೇ ರಿಲೇಗಳಿಂದ ಮಾಡಬಹುದು. ಉದಾಹರಣೆಗೆ 2.2 ಮತ್ತು 3.3 ಮೈಕ್ರೊಫ್ಯಾರಡಿನ ಎರಡು ಕೆಪಾಸಿಟರುಗಳಿಗೆ ಒಂದೊಂದು ರಿಲೇ, ನೇರ ಸಂಪರ್ಕಕ್ಕೆ ಮೂರನೆಯದು ಇದ್ದರೆ, ಮೊದಲನೆಯದು ಮಾತ್ರ, ಎರಡನೆಯದು ಮಾತ್ರ, ಎರಡೂ ಸೇರಿ, ನೇರ ಎಂದು ನಾಲ್ಕು ವೇಗಗಳು ದೊರೆಯುತ್ತವೆ. ಕೆಪಾಸಿಟರುಗಳು ಫ್ಯಾನಿಗೆಂದೇ ಮಾಡಿದ, ಮೈಮೇಲೆ ಎಸಿ ವೋಲ್ಟೇಜ್ ಬರೆದಿರುವಂಥವಾಗಿರಬೇಕು. ಪ್ರತಿ ಕೆಪಾಸಿಟರಿಗೂ ಸಾಲಿನಲ್ಲಿ ಒಂದೆರಡು ಓಮಿನ ರೆಸಿಸ್ಟರ್ ಇಡದಿದ್ದರೆ, ಒಂದು ತುಂಬಿ ಇನ್ನೊಂದು ಬರಿದಾಗಿರುವಾಗ ಎರಡನ್ನೂ ಕೂಡಿಸಿದ ಕ್ಷಣದಲ್ಲಿ ನುಗ್ಗುವ ಕರೆಂಟು ರಿಲೇಯ ಸಂಪರ್ಕಗಳನ್ನು ಬೆಸೆದೇಬಿಡುತ್ತದೆ. ಆರಿಸಿದ ಮೇಲೆ ಕೆಪಾಸಿಟರ್ ಬರಿದಾಗಲು ಅದರ ಎರಡು ತುದಿಗಳ ನಡುವೆ ಲಕ್ಷ ಓಮುಗಳ ಮಟ್ಟದ ಮತ್ತೊಂದು ರೆಸಿಸ್ಟರ್ ಬೇಕು. ಅದಿಲ್ಲದೆ ಮೇನ್ ಆರಿಸಿ ಕೈಯಿಟ್ಟರೂ ಶಾಕ್ ಹೊಡೆಯುತ್ತದೆ. ವೇಗ ಬದಲಿಸುವಾಗ ಪ್ರೋಗ್ರಾಮಿನಲ್ಲಿ ಮೊದಲು ಎಲ್ಲ ರಿಲೇಗಳನ್ನೂ ಬಿಡಿಸಿ, ಸೆಕೆಂಡಿನ ಒಂದು ಪಾಲು ತಡೆದು, ಆಮೇಲೆ ಹೊಸದನ್ನು ಎಳೆಸಿ.

ನಿಮ್ಮದು ರಿಮೋಟ್ ಸಮೇತ ಬಂದ ಬಿಎಲ್‌ಡಿಸಿ (ಬ್ರಷ್ ಇಲ್ಲದ ಡಿಸಿ ಮೋಟಾರಿನ) ಫ್ಯಾನು ಆಗಿದ್ದರೆ ಮೇಲಿನದೆಲ್ಲವನ್ನೂ ಬಿಡಿ. ಅದರೊಳಗೆ ಅದರದೇ ಎಲೆಕ್ಟ್ರಾನಿಕ್ ಚಾಲಕವಿದೆ. ಟ್ರಯಾಕನ್ನಾಗಲಿ ಕೆಪಾಸಿಟರನ್ನಾಗಲಿ ಸಾಲಿನಲ್ಲಿಟ್ಟರೆ ಅದು ಹಾಳಾಗುವುದೇ ಹೆಚ್ಚು. ಇನ್‌ಫ್ರಾರೆಡ್ ರಿಮೋಟ್ ಆದರೆ ಅದರ ಸಂಕೇತಗಳನ್ನು ಒಂದು ರಿಸೀವರಿನಿಂದ ಓದಿ, ಅವನ್ನೇ ಒಂದು ಇನ್‌ಫ್ರಾರೆಡ್ ಎಲ್‌ಇಡಿಯಿಂದ ಮತ್ತೆ ಕಳುಹಿಸಿದರೆ ಸಾಕು. 230 ವೋಲ್ಟಿನ ಸಮೀಪಕ್ಕೂ ಹೋಗದೆ ಕೆಲಸ ಮುಗಿಯುತ್ತದೆ, ಈ ಅಂಕಣಕ್ಕೆ ಅತ್ಯಂತ ಪ್ರಿಯವಾದ ಉಪಾಯ ಇದೇ.

ಪ್ರಶ್ನೆ: ಕರೆಂಟ್ ಹೋಗಿ ಬಂದಾಗಲೆಲ್ಲ ರಿಲೇಗಳು ತಾವಾಗಿಯೇ ಟಕ್ ಟಕ್ ಎಂದು ಎಳೆದುಕೊಳ್ಳುತ್ತವೆ. ಎಕ್ಸಾಸ್ಟ್ ಫ್ಯಾನ್ ಆರಿಸಿದರೆ ಇಎಸ್‌ಪಿ32 ರೀಸೆಟ್ ಆಗುತ್ತದೆ. ಮಳೆಗಾಲದಲ್ಲಿ ಇನ್ನೂ ಹೆಚ್ಚು. ಸ್ನಬ್ಬರ್ ಹಾಕಿ ಎಂದು ಯಾರೋ ಹೇಳಿದರು. ಹಾಕಿದ ಮೇಲೆ ಎಲ್‌ಇಡಿ ಬಲ್ಬು ಆರಿಸಿದರೂ ಮಂದವಾಗಿ ಉರಿಯುತ್ತಿದೆ.
— ಹೋಂಸ್ಟೇ ನಡೆಸುವವರು, ಮೂಡಿಗೆರೆ

ಉತ್ತರ: ಮೂಡಿಗೆರೆಯಲ್ಲಿ ಕರೆಂಟು ಹೋಗಿ ಬರುವುದನ್ನು ತಪ್ಪಿಸಲಾಗದು, ರಿಲೇಯ ಸದ್ದನ್ನು ತಪ್ಪಿಸಬಹುದು. ಹೆಚ್ಚಿನ ರಿಲೇ ಮಾಡ್ಯೂಲುಗಳು ಪಿನ್ನು ಸೊನ್ನೆಗೆ ಇಳಿದಾಗ ಎಳೆದುಕೊಳ್ಳುವಂಥವು. ಬೋರ್ಡ್ ಎಚ್ಚರಗೊಳ್ಳುವ ಮೊದಲ ಕ್ಷಣಗಳಲ್ಲಿ ಪಿನ್ನುಗಳು ಯಾರ ಹಿಡಿತದಲ್ಲಿಯೂ ಇರುವುದಿಲ್ಲ. ಪ್ರೋಗ್ರಾಮಿನ ಸೆಟಪ್ ಭಾಗದಲ್ಲಿ ಪಿನ್ನನ್ನು ಮೊದಲು ಮೇಲಕ್ಕೇರಿಸಿ, ಆಮೇಲೆ ಔಟ್‌ಪುಟ್ ಎಂದು ಘೋಷಿಸಿ. ಪ್ರತಿ ಪಿನ್ನಿನಿಂದ 3.3 ವೋಲ್ಟಿಗೆ 10 ಕಿಲೊಓಮಿನ ರೆಸಿಸ್ಟರ್ ಹಾಕಿ. ಇಎಸ್‌ಪಿ32ರಲ್ಲಿ 0, 2, 5, 12, 15ನೆಯ ಪಿನ್ನುಗಳನ್ನು ಬೋರ್ಡ್ ಆರಂಭವಾಗುವಾಗ ತಾನೇ ನೋಡಿಕೊಳ್ಳುವುದರಿಂದ ಅಲ್ಲಿ ರಿಲೇ ಬೇಡ. 34ರಿಂದ 39ರವರೆಗಿನವು ಇನ್‌ಪುಟ್ ಮಾತ್ರ. ಹಿಂದಿನ ಸ್ಥಿತಿಯನ್ನು ನೆನಪಿಟ್ಟು ಕರೆಂಟು ಬಂದೊಡನೆ ಎಲ್ಲವನ್ನೂ ಹಾಕುವ ಪ್ರೋಗ್ರಾಂ ಬರೆಯುವ ಮುನ್ನ, ಅತಿಥಿಗಳಿಲ್ಲದ ಕೋಣೆಯಲ್ಲಿ ನಡುರಾತ್ರಿ ಫ್ಯಾನು ತಿರುಗುವುದು ನಿಮಗೆ ಬೇಕೇ ಎಂದು ಯೋಚಿಸಿ. ಫ್ಯಾನು ಆರಿದ ಸ್ಥಿತಿಯಲ್ಲೇ ಏಳುವುದು ಮೇಲು.

ರೀಸೆಟ್ಟಿಗೆ ಕಾರಣ ಮೋಟಾರಿನ ಕಿಡಿ. ಸ್ನಬ್ಬರ್ ಎಂದರೆ ಆ ಕಿಡಿಯನ್ನು ತಗ್ಗಿಸಲು ಇಡುವ, 100 ಓಮಿನ ರೆಸಿಸ್ಟರ್ ಮತ್ತು 0.1 ಮೈಕ್ರೊಫ್ಯಾರಡಿನ ಎಕ್ಸ್2 ದರ್ಜೆಯ (ಮೇನ್ಸಿಗೆ ನೇರವಾಗಿ ಜೋಡಿಸಬಲ್ಲ) ಕೆಪಾಸಿಟರುಗಳ ಸಾಲು. ನೀವು ಅದನ್ನು ರಿಲೇಯ ಸಂಪರ್ಕಗಳ ನಡುವೆ ಹಾಕಿದ್ದೀರಿ, ಅದೂ ಬಲ್ಬಿನ ರಿಲೇಗೂ ಹಾಕಿದ್ದೀರಿ. ಆ ಕೆಪಾಸಿಟರಿನ ಮೂಲಕ 230 ವೋಲ್ಟಿನಲ್ಲಿ ಸುಮಾರು 7 ಮಿಲಿಆಂಪಿಯರ್ ಸದಾ ಸೋರುತ್ತಿರುತ್ತದೆ, ಎಲ್‌ಇಡಿ ಮಿನುಗಲು ಅಷ್ಟು ಧಾರಾಳ. ಬಲ್ಬಿನದನ್ನು ತೆಗೆದುಹಾಕಿ, ಫ್ಯಾನಿನದನ್ನು ಫ್ಯಾನಿನ ಎರಡು ತಂತಿಗಳ ನಡುವೆಯೇ ಹಾಕಿ. ಸಪ್ಲೈ ಕೂಡ ನೋಡಿ: ನಾಲ್ಕು ರಿಲೇಗಳು ಎಳೆದಾಗ 280 ಮಿಲಿಆಂಪಿಯರ್, ವೈಫೈ ಮಾತಾಡುವ ಕ್ಷಣದಲ್ಲಿ ಇಎಸ್‌ಪಿ32ಕ್ಕೆ ಇನ್ನಷ್ಟು. 1 ಆಂಪಿಯರಿಗೆ ಕಡಿಮೆ ಇಲ್ಲದ, ಐಎಸ್‌ಐ ಅಥವಾ ಬಿಐಎಸ್ ಗುರುತಿರುವ ಚಾರ್ಜರೇ ಆಗಬೇಕು. ಮುಂಗಾರಿಗೆ ಮುನ್ನ ಸಿಡಿಲಿನ ಕಾಲದಲ್ಲಿ ಚಾರ್ಜರಿನ ಇನ್‌ಪುಟ್ಟಿನ ನಡುವೆ ಒಂದು ಎಂಒವಿ (ಅತಿ ವೋಲ್ಟೇಜನ್ನು ಹೀರುವ ಬಿಡಿಭಾಗ), ಅದಕ್ಕೂ ಮೊದಲು ಒಂದು ಫ್ಯೂಸ್ ಇದ್ದರೆ ಒಳ್ಳೆಯದು. ಮಲೆನಾಡಿನ ತೇವದಲ್ಲಿ ಬೋರ್ಡಿನ ಮೇಲೆ ಧೂಳು, ಬೂಷ್ಟು ಕುಳಿತರೆ ಆ 6 ಮಿಲಿಮೀಟರಿನ ಅಂತರವೂ ಸಾಲದಾಗುತ್ತದೆ. ಸ್ವಿಚ್ ಬೋರ್ಡಿನೊಳಗೆ ಬೆಚ್ಚಗಿರುವ ಜಾಗವನ್ನು ಹಲ್ಲಿಗಳೂ ಇರುವೆಗಳೂ ಹುಡುಕಿಕೊಂಡು ಬರುತ್ತವೆ. ತಂತಿ ಬರುವ ಪ್ರತಿ ತೂತನ್ನೂ ಮುಚ್ಚಿದ ಪ್ಲಾಸ್ಟಿಕ್ ಪೆಟ್ಟಿಗೆ ಬೇಕು. ಲೋಹದ ಪೆಟ್ಟಿಗೆಯಾದರೆ ಅದಕ್ಕೆ ಅರ್ತ್ ಬೇಕು, ಮತ್ತು ವೈಫೈ ಹೊರಗೆ ಬರದು.

ಪ್ರಶ್ನೆ: ಬ್ರೆಡ್‌ಬೋರ್ಡಿನ ಮೇಲೆಯೇ 230 ವೋಲ್ಟ್ ತಂತಿಗಳನ್ನು ಚುಚ್ಚಿ ಪ್ರಯೋಗ ಮಾಡಬಹುದೇ?
— ಪಿಯು ವಿದ್ಯಾರ್ಥಿ, ಕಡೂರು

ಉತ್ತರ: ಬೇಡ. ಬೆಸುಗೆಯಿಲ್ಲದೆ ತಂತಿ ಚುಚ್ಚಿ ಜೋಡಿಸುವ ಆ ಹಲಗೆಯ ಸಾಲುಗಳ ನಡುವೆ ಇರುವುದು 2.54 ಮಿಲಿಮೀಟರ್, ತಂತಿಯ ಹಿಡಿತವೂ ಸಡಿಲ. ತರಗತಿಯ ಪ್ರಾಜೆಕ್ಟಿಗೆ 12 ವೋಲ್ಟಿನ ಬಲ್ಬು ಮತ್ತು ಕಂಪ್ಯೂಟರ್ ಫ್ಯಾನು ಸಾಕು. ರಿಲೇಯ ಕೆಲಸವೂ ಪ್ರೋಗ್ರಾಮೂ ಅಲ್ಲಿ ಹಾಗೆಯೇ ಇರುತ್ತವೆ.

ಪ್ರಶ್ನೆ: ಎಲ್ಲವನ್ನೂ ಪೆಟ್ಟಿಗೆಯಲ್ಲಿ ಜೋಡಿಸಿ ಆಗಿದೆ. ಮನೆಯ ವೈರಿಂಗಿಗೆ ಸೇರಿಸುವ ಮುನ್ನ ಏನೇನು ನೋಡಬೇಕು? ಇದಕ್ಕೆ ಸೆಸ್ಕ್ ಕಚೇರಿಯ ಒಪ್ಪಿಗೆ ಬೇಕೇ?
— ನಿವೃತ್ತ ನೌಕರರು, ಅರಸೀಕೆರೆ

ಉತ್ತರ: ಹಾಸನ ಜಿಲ್ಲೆಗೆ ಕರೆಂಟು ಕೊಡುವ ಸೆಸ್ಕ್ ಆಗಲಿ, ಚಿಕ್ಕಮಗಳೂರಿಗೆ ಕೊಡುವ ಮೆಸ್ಕಾಂ ಆಗಲಿ ನೋಡಿಕೊಳ್ಳುವುದು ಮೀಟರಿನವರೆಗೆ. ಅದರಾಚೆಗಿನ ವೈರಿಂಗ್ ಮನೆಯವರ ಹೊಣೆ, ಅದನ್ನು ಮುಟ್ಟಬೇಕಾದವರು ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರು. ಪೆಟ್ಟಿಗೆಯನ್ನು ನೀವು ಮಾಡಿ; ಗೋಡೆಯೊಳಗಿನ ತಂತಿಗೆ ಸೇರಿಸುವುದನ್ನು ಅವರಿಗೆ ಬಿಡಿ, ನಕ್ಷೆಯೊಂದನ್ನು ಬರೆದು ಅವರ ಕೈಗೆ ಕೊಡಿ. ಮನೆಯಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇಲ್ಲದಿದ್ದರೆ ಅದನ್ನು ಮೊದಲು ಹಾಕಿಸಿ, ದೀಪದ ಸಾಲಿಗೆ 6 ಆಂಪಿಯರಿನ ಎಂಸಿಬಿ ಇರಲಿ. ಆರ್‌ಸಿಸಿಬಿ ಇದೆ ಎಂದು ಮೈಮರೆಯುವಂತಿಲ್ಲ: ಒಂದು ಕೈ ಫೇಸಿಗೂ ಇನ್ನೊಂದು ನ್ಯೂಟ್ರಲಿಗೂ ತಾಗಿದರೆ ಅದಕ್ಕೆ ನೀವೂ ಒಂದು ಬಲ್ಬಿನಂತೆಯೇ ಕಾಣುತ್ತೀರಿ.

ಪರೀಕ್ಷೆಯ ಕ್ರಮ ಹೀಗಿರಲಿ. ಮೊದಲು 230 ವೋಲ್ಟ್ ಇಲ್ಲದೆ, ಬರಿಯ 5 ವೋಲ್ಟಿನಲ್ಲಿ ರಿಲೇಗಳನ್ನು ಎಳೆಸಿ, ಅವುಗಳ ಸಂಪರ್ಕ ಕೂಡುವುದನ್ನೂ ಬಿಡುವುದನ್ನೂ ಮಲ್ಟಿಮೀಟರಿನಲ್ಲಿ ನೋಡಿ. 5 ವೋಲ್ಟಿನ ಬದಿಗೂ 230 ವೋಲ್ಟಿನ ಬದಿಗೂ ನಡುವೆ ಮೀಟರು ಯಾವ ಸಂಪರ್ಕವನ್ನೂ ತೋರಿಸಬಾರದು. ಆಮೇಲೆ ಹಳೆಯ ಎಲೆಕ್ಟ್ರಿಷಿಯನ್ನರ ಬಳಿ ಇರುವ ಸೀರೀಸ್ ಲ್ಯಾಂಪ್ ಬೋರ್ಡಿನ ಮೂಲಕ, ಅಂದರೆ ಫೇಸ್ ತಂತಿಯ ಸಾಲಿನಲ್ಲಿ 100 ವ್ಯಾಟಿನ ಫಿಲಮೆಂಟ್ ಬಲ್ಬನ್ನಿಟ್ಟು ಪೆಟ್ಟಿಗೆಗೆ ಕರೆಂಟು ಕೊಡಿ. ಒಳಗೆ ಎಲ್ಲಿಯಾದರೂ ಶಾರ್ಟ್ ಇದ್ದರೆ ಆ ಬಲ್ಬು ಪೂರ್ತಿ ಉರಿಯುತ್ತದೆ, ಅಷ್ಟೇ, ಪೆಟ್ಟಿಗೆ ಸುಡುವುದಿಲ್ಲ. ಬಲ್ಬು ಸುಮ್ಮನಿದ್ದು, ಚಾರ್ಜರು ಎಚ್ಚರಗೊಂಡು, ಒಂದು ಎಲ್‌ಇಡಿ ಬಲ್ಬು ಹತ್ತಿ ಆರಿದರೆ ಸೀರೀಸ್ ಲ್ಯಾಂಪನ್ನು ತೆಗೆಯಬಹುದು. ಈ ಹೊತ್ತಿನಲ್ಲಿ ಯುಎಸ್‌ಬಿ ತಂತಿಯಿಂದ ಲ್ಯಾಪ್‌ಟಾಪನ್ನು ಸೇರಿಸಬೇಡಿ. ಪ್ರೋಗ್ರಾಂ ಬದಲಿಸಬೇಕಾದರೆ ಪ್ಲಗ್ಗನ್ನು ಕಿತ್ತು ಬದಲಿಸಿ, ಇಎಸ್‌ಪಿ32 ಆದರೆ ವೈಫೈ ಮೂಲಕವೇ ಕಳುಹಿಸಿ. ಕೊನೆಗೆ ಫ್ಯಾನನ್ನು ಜೋಡಿಸಿ ಒಂದೆರಡು ಗಂಟೆ ಓಡಿಸಿ, ಮೇನ್ ಆರಿಸಿ, ಪ್ಲಗ್ ಕಿತ್ತು, ಟರ್ಮಿನಲ್ಲುಗಳನ್ನು ಬೆರಳಿನಿಂದ ಮುಟ್ಟಿ ನೋಡಿ. ಯಾವುದಾದರೂ ಬಿಸಿಯಾಗಿದ್ದರೆ ಅದರ ಸ್ಕ್ರೂ ಸಡಿಲವಾಗಿದೆ ಅಥವಾ ತಂತಿ ಸಣ್ಣದಾಗಿದೆ. ದೀಪ, ಫ್ಯಾನಿನ ಸಾಲಿಗೆ 1 ಅಥವಾ 1.5 ಚದರ ಮಿಲಿಮೀಟರಿನ ತಾಮ್ರದ ತಂತಿ ಹಾಕಿ, ತುದಿಗೆ ಲಗ್ (ಲೋಹದ ಟೊಪ್ಪಿಗೆ) ಒತ್ತಿ, ಮತ್ತೆ ಬಿಗಿಮಾಡಿ.